ತುಟ್ಟಿಭತ್ಯೆ, ಠೇವಣಿ ಮತ್ತು ಒಂದು ದುರ್ಬೀನು

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಸರ್ಕಾರಿ ಪದವಿಪೂರ್ವ ಕಾಲೇಜು ಉಪನ್ಯಾಸಕ. ವಯಸ್ಸು 62, ಸೇವೆಗೆ ಸೇರಿದ್ದು 1989ರಲ್ಲಿ. ತಿಂಗಳಿಗೆ ಸುಮಾರು 52 ಸಾವಿರ ರೂಪಾಯಿ ಪಿಂಚಣಿ ಬರುತ್ತದೆ. ಮನೆಖರ್ಚು 35 ಸಾವಿರದ ಆಸುಪಾಸಿನಲ್ಲಿದೆ. ನಿವೃತ್ತಿಯಾದಾಗ ಕೈಗೆ ಬಂದ 30 ಲಕ್ಷವನ್ನು ಒಂದೇ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೇನೆ. ಮಗ ಪ್ರತಿ ಸಲ ಫೋನ್ ಮಾಡಿದಾಗಲೂ “ಅಪ್ಪಾ, ಬ್ಯಾಂಕಿನ್ಯಾಗ ಇಟ್ಟ ರೊಕ್ಕ ಕರಗಾಕತ್ತೈತಿ, ಎಲ್ಲಾ ತಗದು ಷೇರಿಗೆ ಹಾಕ್ರಿ” ಎನ್ನುತ್ತಾನೆ. ಇದರ ನಡುವೆ ನನಗೊಂದು ಹಳೆಯ ಆಸೆಯಿದೆ. 1980ರ ಫೆಬ್ರವರಿ 16ರಂದು ರಾಯಚೂರಿನ ಹತ್ತಿರದ ನಮ್ಮೂರಿನಲ್ಲಿ ಖಗ್ರಾಸ ಸೂರ್ಯಗ್ರಹಣ ಆದಾಗ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದರು. ನಾನೊಬ್ಬ ಹಿತ್ತಲಿಗೆ ಹೋಗಿ ನೋಡಿದ್ದೆ. ಅಂದಿನಿಂದ ಒಂದು ಟೆಲಿಸ್ಕೋಪ್ ಕೊಳ್ಳಬೇಕೆಂಬ ಬಯಕೆ. ಸುಮಾರು 40 ಸಾವಿರ ಆಗುತ್ತದೆ. ಬೆಲೆಗಳು ಹೀಗೆ ಏರುವ ಕಾಲದಲ್ಲಿ ಇದು ದುಂದುವೆಚ್ಚವಾಗುವುದಿಲ್ಲವೇ?

ಉತ್ತರ: ತಾವು ತಮ್ಮ ಆಸ್ತಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಬಿಟ್ಟಿದ್ದೀರಿ. 2006ರ ಏಪ್ರಿಲ್ 1ಕ್ಕೂ ಮೊದಲು ರಾಜ್ಯ ಸರ್ಕಾರದ ಸೇವೆಗೆ ಸೇರಿದವರಾದ್ದರಿಂದ ತಮಗೆ ಹಳೆಯ ಪದ್ಧತಿಯ ಪಿಂಚಣಿ ದೊರೆಯುತ್ತಿದೆ, ಮತ್ತು ಆ ಪಿಂಚಣಿಯ ಮೇಲೆ ತುಟ್ಟಿಭತ್ಯೆ ಸಿಗುತ್ತದೆ. ತುಟ್ಟಿಭತ್ಯೆ ಎಂದರೆ ಬೆಲೆ ಸೂಚ್ಯಂಕ ಏರಿದಂತೆ ಆದಾಯವೂ ಏರುವ ವ್ಯವಸ್ಥೆ ತಾನೇ? ಅದರ ಘೋಷಣೆ ತಡವಾಗುತ್ತದೆ ಎಂಬ ದೂರು ನ್ಯಾಯವಾದದ್ದು, ಕೊರೊನಾ ಕಾಲದಲ್ಲಿ 2020ರ ಜನವರಿಯಿಂದ 2021ರ ಜೂನ್‌ವರೆಗೆ ಅದನ್ನು ತಡೆಹಿಡಿದದ್ದೂ ನಿಜ. ಆದರೂ ಹಣದುಬ್ಬರಕ್ಕೆ ತಕ್ಕಂತೆ ತಾನಾಗಿ ಬೆಳೆಯುವ ಇಂಥ ಆದಾಯವನ್ನು ಇಂದು ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟರೂ ಕೊಳ್ಳಲಾಗುವುದಿಲ್ಲ. ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯ ಮೇಲೆ ಶೇಕಡಾ 1.5ರಷ್ಟು ಹೆಚ್ಚುವರಿ ಬಡ್ಡಿ ಕೊಡುವ ಉಳಿತಾಯ ಪತ್ರಗಳನ್ನು ರಿಸರ್ವ್ ಬ್ಯಾಂಕ್ 2013ರ ಡಿಸೆಂಬರ್‌ನಲ್ಲಿ ಮಾರಾಟಕ್ಕಿಟ್ಟಿತ್ತು. ಕೊಳ್ಳುವವರು ಹೆಚ್ಚಾಗಿ ಬರಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. ಹೀಗಾಗಿ ದಿನದ ಅನ್ನ, ಹಾಲು, ವಿದ್ಯುತ್ ಬಿಲ್ಲಿನ ಮಟ್ಟಿಗೆ ತಾವು ಹಣದುಬ್ಬರಕ್ಕೆ ಹೆದರಬೇಕಾದವರಲ್ಲ. ಪಿಂಚಣಿಯೇ ಇಲ್ಲದೆ ಬಡ್ಡಿಯಲ್ಲಿ ಬದುಕುವವರ ಭಯವನ್ನು ತಾವು ಎರವಲು ಪಡೆದಿದ್ದೀರಿ ಎಂದು ನನಗನ್ನಿಸುತ್ತದೆ.

ಆದರೆ ಪತ್ರದಲ್ಲಿ ಒಂದೇ ಒಂದು ಕಡೆಯೂ ತಮ್ಮ ಪತ್ನಿಯ ಪ್ರಸ್ತಾಪವಿಲ್ಲ, ಹೆದರಬೇಕಾದ ಸ್ಥಳ ಅದು. ಸಾಮಾನ್ಯ ದರದಲ್ಲಿ ಕುಟುಂಬ ಪಿಂಚಣಿ ಕೊನೆಯ ವೇತನದ ಶೇಕಡಾ 30. ತಮ್ಮದು ಶೇಕಡಾ 50ರ ಲೆಕ್ಕದ್ದು. ಅಂದರೆ ತಮ್ಮ ನಂತರ ಅವರ ಕೈಗೆ ಇಂದಿನ ಲೆಕ್ಕದಲ್ಲಿ ಸುಮಾರು 31 ಸಾವಿರ ಬರುತ್ತದೆ, ಮನೆಯ ಖರ್ಚು ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮನೆ ಬಾಡಿಗೆಯೋ ತೆರಿಗೆಯೋ, ಕೆಲಸದವರ ಸಂಬಳ, ಗ್ಯಾಸ್, ಇವು ಒಬ್ಬರಿದ್ದರೂ ಇಬ್ಬರಿದ್ದರೂ ಹೆಚ್ಚುಕಡಿಮೆ ಒಂದೇ. ಜೊತೆಗೆ ಔಷಧದ ಖರ್ಚು ವಯಸ್ಸಿನೊಂದಿಗೆ ಏರುತ್ತದೆ. ಖರ್ಚು ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆ ಎಂದು ಅಂದಾಜಿಸಲು 72ನ್ನು ಹಣದುಬ್ಬರದ ದರದಿಂದ ಭಾಗಿಸುವ ಸುಲಭ ಲೆಕ್ಕವಿದೆ. ಹಣದುಬ್ಬರ ವರ್ಷಕ್ಕೆ ಶೇಕಡಾ 6 ಇದ್ದರೆ 72ನ್ನು 6ರಿಂದ ಭಾಗಿಸಿ, 12 ವರ್ಷದಲ್ಲಿ ಖರ್ಚು ಇಮ್ಮಡಿಯಾಗುತ್ತದೆ. ರಿಸರ್ವ್ ಬ್ಯಾಂಕಿನ ಗುರಿಯಾದ ಶೇಕಡಾ 4ರಲ್ಲೇ ನಿಂತರೆ 18 ವರ್ಷ. ತಮ್ಮ 30 ಲಕ್ಷ ಆ ವರ್ಷಗಳಿಗೆಂದು ಇಟ್ಟ ಗಂಟು ಎಂದು ತಿಳಿಯಿರಿ. ಹಾಗೆ ತಿಳಿದರೆ ಮಗನ ಮಾತಿನಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ಕಾಣುತ್ತದೆ.

ಮೊದಲು ತಪ್ಪಿನ ಕಡೆ. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. 62ರ ವಯಸ್ಸಿನಲ್ಲಿ ಎಲ್ಲವನ್ನೂ ಅಲ್ಲಿಟ್ಟು ಅಂಥ ಒಂಬತ್ತು ತಿಂಗಳನ್ನು ನಿದ್ದೆಗೆಡದೆ ಕಳೆಯುವವರನ್ನು ನಾನು ಕಂಡಿಲ್ಲ. ಆದರೆ ಇನ್ನು ಹತ್ತು ವರ್ಷ ಮುಟ್ಟದೆ ಇಡಬಲ್ಲ ಏಳೆಂಟು ಲಕ್ಷವನ್ನು, ಒಂದೇ ದಿನ ಸುರಿಯದೆ ಒಂದೂವರೆ ಎರಡು ವರ್ಷಗಳ ಮಾಸಿಕ ಕಂತುಗಳಲ್ಲಿ, ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್‌ಗೆ (ಸೆನ್ಸೆಕ್ಸ್‌ನಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ನಿಧಿಗೆ) ಹಾಕುವುದು ತಮ್ಮ ಸ್ಥಿತಿಗೆ ಸಲ್ಲುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇಡಿ. ಇದರ ಗರಿಷ್ಠ ಮಿತಿ 2023ರ ಏಪ್ರಿಲ್‌ನಿಂದ 30 ಲಕ್ಷ, ಆಗ ನಿಗದಿಯಾದ ಬಡ್ಡಿ ಶೇಕಡಾ 8.2. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪರಿಶೀಲಿಸುತ್ತದೆಯಾದ್ದರಿಂದ ಖಾತೆ ತೆರೆಯುವ ದಿನ ಕೇಳಿಕೊಳ್ಳಿ. ಒಮ್ಮೆ ತೆರೆದ ಮೇಲೆ ಐದು ವರ್ಷ ಅದೇ ದರ ಸಿಗುತ್ತದೆ. ಶೇಕಡಾ 8.2ರಲ್ಲಿ 15 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಖಾತೆಯನ್ನು ಪತ್ನಿಯೊಂದಿಗೆ ಜಂಟಿಯಾಗಿ ತೆರೆಯಿರಿ. ಉಳಿದದ್ದು ಬ್ಯಾಂಕಿನಲ್ಲೇ ಇರಲಿ, ಆದರೆ ಎರಡು ಬ್ಯಾಂಕುಗಳಲ್ಲಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಕೊಡುವುದು ಅಸಲು, ಬಡ್ಡಿ ಎಲ್ಲ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ಮಾತ್ರ. 30 ಲಕ್ಷವನ್ನು ಒಂದೇ ಕಡೆ ಇಟ್ಟಿರುವುದೇ ತಮ್ಮ ಈಗಿನ ನಿಜವಾದ ಅಪಾಯ, ಹಣದುಬ್ಬರವಲ್ಲ. ತೆರಿಗೆಯ ಚಿಂತೆ ಬೇಡ: 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ತಮ್ಮ ಪಿಂಚಣಿ ಮತ್ತು ಬಡ್ಡಿ ಸೇರಿದರೂ ಅಷ್ಟಾಗುವುದಿಲ್ಲ.

ಇನ್ನು ಟೆಲಿಸ್ಕೋಪ್. ತಿಂಗಳಿಗೆ 17 ಸಾವಿರ ಉಳಿಯುವವರಿಗೆ 40 ಸಾವಿರ ಎಂದರೆ ಎರಡೂವರೆ ತಿಂಗಳ ಉಳಿತಾಯ. ಇದನ್ನು ಹೂಡಿಕೆ ಎಂದು ಮಾತ್ರ ಕರೆಯಬೇಡಿ. ಮಾರಲು ಹೋದರೆ ಅರ್ಧ ಬೆಲೆ ಬಂದರೆ ಹೆಚ್ಚು. ಖರ್ಚನ್ನು ಖರ್ಚೆಂದೇ ಬರೆದು, ಸಂತೋಷದಿಂದ ಮಾಡಿ.

ಆದರೂ ಒಂದು ಸಣ್ಣ ತಡೆ ಹಾಕುತ್ತೇನೆ: ಮೊದಲು 10×50 ಬೈನಾಕ್ಯುಲರ್ (10 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 50 ಮಿಲಿಮೀಟರ್ ಅಗಲವಿರುವ ಜೋಡಿ ದುರ್ಬೀನು) ಒಂದನ್ನು ಕೊಂಡು ಒಂದು ಚಳಿಗಾಲ ಕಳೆಯಿರಿ. ಇದಕ್ಕೆ ತಮ್ಮ ವಯಸ್ಸೇ ಕಾರಣ. ಕತ್ತಲೆಯಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲ ತೆರೆದುಕೊಂಡರೆ, ಅರವತ್ತು ದಾಟಿದವರದು 5ರ ಹತ್ತಿರ ನಿಲ್ಲುತ್ತದೆ. 10×50 ದುರ್ಬೀನಿನಿಂದ ಹೊರಬರುವ ಬೆಳಕಿನ ಕಂಬದ ಅಗಲ 50ನ್ನು 10ರಿಂದ ಭಾಗಿಸಿದಷ್ಟು, ಅಂದರೆ ಸರಿಯಾಗಿ 5 ಮಿಲಿಮೀಟರ್. ಒಂದು ಹನಿ ಬೆಳಕೂ ಚೆಲ್ಲದೆ ಕಣ್ಣೊಳಗೆ ಹೋಗುತ್ತದೆ. ಅದರಲ್ಲಿ ಕೃತ್ತಿಕೆಯನ್ನು ನೋಡಿ. ಬರಿಗಣ್ಣಿಗೆ ಆರೇಳು ಚುಕ್ಕಿಯಾಗಿ ಕಾಣುವ ಗುಂಪು ಹತ್ತಾರು ನೀಲಿ ಹರಳುಗಳಾಗಿ ಒಡೆಯುವ ಆ ಮೊದಲ ಕ್ಷಣದಲ್ಲಿ ನಾನು ಮಾಳಿಗೆಯ ಮೇಲೆ ಯಾರೂ ಇಲ್ಲದಿದ್ದರೂ ಗಟ್ಟಿಯಾಗಿ “ಅಯ್ಯೋ” ಎಂದಿದ್ದೆ. ಮೇ ತಿಂಗಳ ರಾತ್ರಿ ದಕ್ಷಿಣಕ್ಕೆ ತಿರುಗಿ, ದಿಗಂತದಿಂದ ಸುಮಾರು 27 ಡಿಗ್ರಿ ಎತ್ತರದಲ್ಲಿ ಅರಳೆಯ ಉಂಡೆಯಂತೆ ಮಬ್ಬಾಗಿ ನಿಂತಿರುವ ಒಮೆಗಾ ಸೆಂಟಾರಿಯನ್ನು ಹುಡುಕಿ. ಸುಮಾರು ಒಂದು ಕೋಟಿ ನಕ್ಷತ್ರಗಳ ಈ ಗುಚ್ಛವನ್ನು ಲಂಡನ್ನಿನವರು ತಮ್ಮ ಊರಿನಿಂದ ಎಂದೂ ನೋಡಲಾರರು.

ಅದಾದ ಮೇಲೂ ಆಸೆ ಉಳಿದಿದ್ದರೆ 6 ಇಂಚಿನ, ಅಂದರೆ 150 ಮಿಲಿಮೀಟರ್ ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಕೊಳ್ಳಿ. ಅದು ತಮ್ಮ ಕಣ್ಣಿಗಿಂತ 900 ಪಟ್ಟು ಬೆಳಕನ್ನು ಕೂಡಿಸುತ್ತದೆ. ಪೆಟ್ಟಿಗೆಯ ಮೇಲೆ 525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಮುದ್ರಿಸಿದ ಸಣ್ಣ ಯಂತ್ರಗಳನ್ನು ಮುಟ್ಟಬೇಡಿ; ವರ್ಷಕ್ಕೆ ಶೇಕಡಾ 24 ಲಾಭದ ಜಾಹೀರಾತನ್ನು ನೋಡಿದಾಗ ಹುಟ್ಟಬೇಕಾದ ಸಂಶಯವೇ ಇಲ್ಲಿಯೂ ಹುಟ್ಟಬೇಕು. ಕನ್ನಡಿಯ ವ್ಯಾಸದ ಮಿಲಿಮೀಟರ್ ಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ಮಬ್ಬು ಮಾತ್ರ ಹಿಗ್ಗುತ್ತದೆ. ನಾನು ಅಂಥದೊಂದನ್ನು ಕೊಂಡು ಎರಡು ವರ್ಷ ಶನಿಯನ್ನು ಅಕ್ಕಿಕಾಳಿನಂತೆ ನೋಡಿದವನು. ಒಳ್ಳೆಯ ಯಂತ್ರದಲ್ಲಿ 48 ಪಟ್ಟಿಗೇ ಶನಿಯ ಉಂಗುರ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಆ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿ ಗೆರೆಯಂತಾಗಿತ್ತು. ಈಗ ವರ್ಷವರ್ಷಕ್ಕೆ ಬಿಚ್ಚಿಕೊಳ್ಳುತ್ತ 2032ರ ಹೊತ್ತಿಗೆ ಪೂರ್ತಿ ಅರಳುತ್ತದೆ. ತಮಗೆ ಆಗ ಇನ್ನೂ 70 ತುಂಬಿರುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ಆ ರಾತ್ರಿ ಕಂಡದ್ದು, ಬಲಪುಟದಲ್ಲಿ ತಿಂಗಳ ಮನೆಖರ್ಚು. ಇದು ತಮಾಷೆಯ ಮಾತಲ್ಲ. ದೇಶದ ಹಣದುಬ್ಬರ 2022ರ ಏಪ್ರಿಲ್‌ನಲ್ಲಿ ಶೇಕಡಾ 7.79 ಇತ್ತು, 2025ರ ಅಕ್ಟೋಬರ್‌ನಲ್ಲಿ 0.25ಕ್ಕೆ ಇಳಿಯಿತು; ಇದರಲ್ಲಿ ತರಕಾರಿ ಬೆಲೆಯ ಏರಿಳಿತದ ಪಾಲು ದೊಡ್ಡದು, ತಮ್ಮ ರಕ್ತದೊತ್ತಡದ ಮಾತ್ರೆಯ ಬೆಲೆ ಹಾಗೆ ಇಳಿದಿರಲಾರದು. ತಮ್ಮ ಮನೆಯ ಹಣದುಬ್ಬರವನ್ನು ತಮ್ಮ ಪುಸ್ತಕವೇ ಹೇಳಬೇಕು. 2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾಗತೊಡಗಿದಾಗ ಅದು ಇಂದೋ ನಾಳೆಯೋ ಸಿಡಿಯುತ್ತದೆ ಎಂದು ಜಗತ್ತೆಲ್ಲ ಸುದ್ದಿಯಾಯಿತು. ದಶಕಗಳಿಂದ ಅದರ ಕಾಂತಿಯನ್ನು ರಾತ್ರಿರಾತ್ರಿ ಬರೆದಿಟ್ಟಿದ್ದ ಹವ್ಯಾಸಿಗಳ ದಾಖಲೆ ಎದುರಿಗಿದ್ದುದರಿಂದಲೇ ಈ ಮಂಕು ಎಷ್ಟು ಅಸಾಮಾನ್ಯ ಎಂದು ಅಳೆಯಲು ಸಾಧ್ಯವಾಯಿತು. ಕೆಲವೇ ತಿಂಗಳಲ್ಲಿ ನಕ್ಷತ್ರ ಮೊದಲಿನಂತಾಯಿತು, ಅದು ತಾನೇ ಉಗುಳಿದ ಧೂಳು ಅಡ್ಡ ಬಂದಿತ್ತು.

ಕೊನೆಗೊಂದು ದಿನಾಂಕ ಬರೆದುಕೊಳ್ಳಿ: 2034ರ ಮಾರ್ಚ್ 20. ಅಂದು ಖಗ್ರಾಸ ಗ್ರಹಣದ ನೆರಳು ಲಡಾಖಿನ ಕಾರ್ಗಿಲ್ ಭಾಗದ ಮೇಲೆ ಹಾಯುತ್ತದೆ. ಆ ಪ್ರಯಾಣಕ್ಕೆಂದು ತಿಂಗಳಿಗೆ ಎರಡು ಸಾವಿರದ ಪ್ರತ್ಯೇಕ ಕಂತು ಕಟ್ಟಬಹುದು. ಈ ಸಲ ಪತ್ನಿಯನ್ನೂ ಹೊರಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಮಂಗಳೂರಿನಲ್ಲಿ ಖಾಸಗಿ ಉದ್ಯೋಗದಲ್ಲಿರುವ 38 ವರ್ಷದ ಮಹಿಳೆ ನಾನು. ನಮ್ಮ ನಕ್ಷತ್ರ ವೀಕ್ಷಣೆಯ ಬಳಗದ ವಾಟ್ಸ್ಆಪ್ ಗುಂಪಿನಲ್ಲಿ ಈಗ ಗ್ರಹಗಳಿಗಿಂತ ಬೆಳ್ಳಿಯ ಮಾತೇ ಹೆಚ್ಚು. ರೂಪಾಯಿಗೆ ಬೆಲೆಯೇ ಇರುವುದಿಲ್ಲ, ಇದ್ದಬದ್ದದ್ದನ್ನೆಲ್ಲ ಬೆಳ್ಳಿಗೆ ಹಾಕಿ ಎನ್ನುತ್ತಾರೆ. ಹಾಕಲೇ?

ಉತ್ತರ: ಮೇಲಿನ ಪತ್ರದ ಗ್ರಹಣದ ವರ್ಷವನ್ನೇ ತೆಗೆದುಕೊಳ್ಳಿ. 1980ರ ಜನವರಿಯಲ್ಲಿ, ಅಮೆರಿಕದಲ್ಲಿ ಹಣದುಬ್ಬರದ ಭಯ ಏರಿದ್ದಾಗ, ಟೆಕ್ಸಾಸಿನ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ಹಾಕುತ್ತಿದ್ದರು. ಒಂದು ಔನ್ಸಿಗೆ ಬೆಲೆ ಸುಮಾರು 50 ಡಾಲರ್ ಮುಟ್ಟಿತು. ಗ್ರಹಣ ಫೆಬ್ರವರಿಯಲ್ಲಾಯಿತು. ಮಾರ್ಚ್ ಕೊನೆಗೆ ಬೆಲೆ 11 ಡಾಲರ್‌ಗಿಂತ ಕೆಳಗೆ ಬಂದಿತ್ತು. 2011ರಲ್ಲಿ ಮತ್ತೆ 50ರ ಹತ್ತಿರ ಬಂದು ಜಾರಿತು. ಅದನ್ನು ನಿಜವಾಗಿ ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. 45 ವರ್ಷ. ಅಷ್ಟರಲ್ಲಿ ಡಾಲರೇ ಎಷ್ಟು ಸವೆದಿದೆ ಎಂಬ ಲೆಕ್ಕ ಬೇರೆ. ನಮ್ಮಲ್ಲಿ ಡಾಲರ್ ಏರಿದ್ದರಿಂದ ಪೆಟ್ಟು ಕಡಿಮೆಯಾಗಿ ತೋರುತ್ತದೆಯಾದರೂ, 2011ರ ಏಪ್ರಿಲ್‌ನಲ್ಲಿ ಕಿಲೋಗೆ 70 ಸಾವಿರ ಕೊಟ್ಟವರು ಆ ಬೆಲೆಯನ್ನು ಮತ್ತೆ ಕಾಣಲು 2020ರವರೆಗೆ ಕಾದರು. ಬಂಗಾರ ಇದಕ್ಕಿಂತ ವಾಸಿ, ಆದರೆ ಅದೂ 2012ರಿಂದ 2018ರವರೆಗೆ ಹತ್ತು ಗ್ರಾಂಗೆ 30 ಸಾವಿರದ ಆಸುಪಾಸಿನಲ್ಲೇ ತೂಕಡಿಸಿತ್ತು.

ಹಾಗಾದರೆ ಬೇಡವೇ ಬೇಡವೆಂದಲ್ಲ. ಹೂಡಿಕೆಯ ಹತ್ತರಲ್ಲಿ ಒಂದು ಪಾಲು ಬಂಗಾರದ ಇ.ಟಿ.ಎಫ್.ನಲ್ಲಿರಲಿ (ಷೇರಿನಂತೆ ಕೊಂಡು ಮಾರಬಹುದಾದ, ಬಂಗಾರದ ಬೆಲೆಯನ್ನು ಹಿಂಬಾಲಿಸುವ ನಿಧಿ), ಒಡವೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದನ್ನು ತಾವು ಮಾರುವುದಿಲ್ಲ. ಬಂಗಾರದ ಬೆಲೆಗೆ ತಕ್ಕಂತೆ ಹಣ ಮರಳಿಸುವ ಸರ್ಕಾರದ ಸವರನ್ ಗೋಲ್ಡ್ ಬಾಂಡ್‌ಗಳ ಹೊಸ ಮಾರಾಟ 2024ರ ಫೆಬ್ರವರಿಯ ನಂತರ ನಡೆದಿಲ್ಲ. ಪಿಂಚಣಿಯಿಲ್ಲದ 38ರ ವಯಸ್ಸಿನವರಿಗೆ ಹಣದುಬ್ಬರವನ್ನು ಮೀರುವ ಮುಖ್ಯ ದಾರಿ ಎರಡು ದಶಕಗಳ ಷೇರು ನಿಧಿಯ ಕಂತೇ. ಬಳಗದವರಿಗೆ ಒಂದು ವಿಷಯ ನೆನಪಿಸಬಹುದು: ದೂರದರ್ಶಕದ ಕನ್ನಡಿಗೆ ಹಿಂದೆ ಬೆಳ್ಳಿಯನ್ನೇ ಲೇಪಿಸುತ್ತಿದ್ದರು, ಬೇಗ ಕಪ್ಪಾಗುತ್ತದೆಂದು ಖಗೋಳಜ್ಞರು 1930ರ ದಶಕದಲ್ಲೇ ಅಲ್ಯೂಮಿನಿಯಂಗೆ ಹೊರಳಿದರು.

ಪ್ರಶ್ನೆ: ತೀರ್ಥಹಳ್ಳಿಯ ಕಡೆಯವನು. ಮೂರು ಮಳೆಗಾಲ ಕಳೆದ ಬೈನಾಕ್ಯುಲರ್‌ನ ಒಳಗೆ ಜೇಡರ ಬಲೆಯಂಥ ಗೆರೆಗಳು ಮೂಡಿವೆ. ಹೊಸದರ ಬೆಲೆ ಬಹಳ ಏರಿದೆ. ಉಳಿಸಿಕೊಳ್ಳಬಹುದೇ?

ಉತ್ತರ: ಅದು ಬೂಷ್ಟು. ಗಾಜಿನ ಲೇಪನವನ್ನು ತಿನ್ನುವ ಮುನ್ನ ದುರಸ್ತಿಗಾರರಿಂದ ಬಿಚ್ಚಿಸಿ ಒರೆಸಿಸಿ. ತಾವೇ ಬಿಚ್ಚಿದರೆ ಎರಡು ಕಣ್ಣುಗಳ ಜೋಡಣೆ ತಪ್ಪಿ ಎಲ್ಲವೂ ಎರಡೆರಡು ಕಾಣುತ್ತದೆ. ಮುಂದಿನ ಮಳೆಗಾಲಕ್ಕೆ ಚರ್ಮದ ಚೀಲದಲ್ಲಿ ಇಡಬೇಡಿ, ಅದೇ ತೇವವನ್ನು ಹಿಡಿದಿಡುತ್ತದೆ. ಅಡುಗೆಮನೆಯ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು; ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಪ್ರಶ್ನೆ: ಟೆಲಿಸ್ಕೋಪನ್ನು ಇ.ಎಂ.ಐ. ಮೇಲೆ ಕೊಳ್ಳಬಹುದೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಬೇಡ. ಬೆಂಗಳೂರಿನ ಆಕಾಶದಲ್ಲಿ ಚಂದ್ರ, ಗುರು, ಶನಿಗಳನ್ನು ಬಿಟ್ಟರೆ ಕಾಣುವುದು ಕಡಿಮೆ, ಅವನ್ನು ನಗರದ ಹವ್ಯಾಸಿ ಬಳಗಗಳು ತಮ್ಮ ಯಂತ್ರಗಳಲ್ಲಿ ಸಂತೋಷದಿಂದ ತೋರಿಸುತ್ತವೆ. ಮೊದಲ ಸಂಬಳ ಬರುವವರೆಗೆ ಅವರ ಸಾಲಿನಲ್ಲಿ ನಿಲ್ಲಿ.