ಓದುಗರ ಪ್ರಶ್ನೆ: ಶೇಂಗಾ ಹಿಂಡಿಗೆ ಯಾವ ವೈನ್?

ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಕನ್ನಡ ಓದುಗರು ದ್ರಾಕ್ಷಿ ಮತ್ತು ವೈನ್ ಬಗ್ಗೆ ಕೇಳಿದ ಪ್ರಶ್ನೆಗಳು ಈ ಸಲ.

ಪ್ರಶ್ನೆ: ನೆಂಟರು ತಂದ ದುಬಾರಿ ಕೆಂಪು ವೈನನ್ನು ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಎಣ್ಣೆಗಾಯಿ ಜೊತೆ ಕುಡಿದೆವು. ಬಾಯೆಲ್ಲ ಉರಿ, ಮೇಲೆ ಒಗರು. ವೈನ್ ಕೆಟ್ಟಿತ್ತೇ? (ಅಕ್ಕಲಕೋಟ)

ಕೆಟ್ಟಿರಲಿಕ್ಕಿಲ್ಲ, ಜೋಡಿ ತಪ್ಪಿತ್ತು. ಮೆಣಸಿನಕಾಯಿಯ ಖಾರ ನಾಲಿಗೆಯ ಯಾವ ನರವನ್ನು ಕೆರಳಿಸುತ್ತದೋ ಆಲ್ಕೋಹಾಲ್ ಕೂಡ ಅದನ್ನೇ ಕೆರಳಿಸುತ್ತದೆ. ಶೇಕಡಾ 14ರ ವೈನ್ ಗುಟುಕರಿಸಿದರೆ ಖಾರ ಆರುವುದಿಲ್ಲ, ಏರುತ್ತದೆ. ಒಗರು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಇಳಿದ ಟ್ಯಾನಿನ್‌ನಿಂದ. ಉರಿಯುವ ಬಾಯಿಗೆ ಅದು ಇನ್ನೂ ಒರಟು.

ನಮ್ಮ ಕಡೆಯ ಊಟಕ್ಕೆ ವೈನ್ ಆರಿಸುವಾಗ ಬಣ್ಣವನ್ನು ಆಮೇಲೆ ನೋಡಿ. ಮೊದಲು ಕೇಳಬೇಕಾದ್ದು ಮೂರು: ಸಿಹಿ ಎಷ್ಟು, ಹುಳಿ ಎಷ್ಟು, ಒಗರು ಎಷ್ಟು? ಶೇಂಗಾ ಹಿಂಡಿ, ರಂಜಕದಂಥ ಖಾರಕ್ಕೆ ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತೆಗೆದುಕೊಳ್ಳಿ. ಆಲ್ಕೋಹಾಲ್ ಶೇಕಡಾ 12ರ ಆಸುಪಾಸು ಇರಲಿ, 8ರಿಂದ 10 ಡಿಗ್ರಿಗೆ ತಣ್ಣಗಾಗಿರಲಿ. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಹುಣಸೆ, ಬೆಲ್ಲ ಎಲ್ಲವೂ ಇರುವುದರಿಂದ ಅದಕ್ಕೆ ರೋಸೆ (ನಸುಗೆಂಪು ವೈನ್) ಚೆನ್ನ.

ಪುಂಡಿಪಲ್ಯದ ಲೆಕ್ಕ ಬೇರೆ. ಅಡುಗೆಗಿಂತ ವೈನ್ ಹುಳಿ ಕಡಿಮೆಯಿದ್ದರೆ ವೈನ್ ನೀರು ನೀರಾಗಿ ಕಾಣುತ್ತದೆ. ಸಾವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನ ಹುಳಿ ಪುಂಡಿಯ ಮುಂದೆ ನಿಲ್ಲುತ್ತದೆ. ಸಿಹಿ ಊಟಕ್ಕೂ ಇದೇ ನಿಯಮ: ಶೇಂಗಾ ಹೋಳಿಗೆಗೆ ತುಪ್ಪ ಹಾಕಿಕೊಂಡು ಒಣ (ಸಿಹಿಯಿಲ್ಲದ) ವೈನ್ ಕುಡಿದರೆ ಬರೀ ಹುಳಿ ಉಳಿಯುತ್ತದೆ. ಹೋಳಿಗೆಗಿಂತ ಸಿಹಿಯಾದ, ತಡವಾಗಿ ಕೊಯ್ದ ಹಣ್ಣಿನ ಶೆನಿನ್ ಬೇಕು, ಅದೂ ಸಣ್ಣ ಲೋಟದಲ್ಲಿ.

ಹಾಗಾದರೆ ಕೆಂಪು ವೈನ್ ಯಾವಾಗ? ಮಟನ್ ಸುಕ್ಕಾ ಮಾಡಿದ ದಿನ. ಟ್ಯಾನಿನ್ ಮಾಂಸದ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಒಗರು ಇಳಿಯುತ್ತದೆ. ಶಿರಾಜ್ ಆಗಬಹುದು, ಸಾಂಜೊವೇಸೆ ಆಗಬಹುದು. ಖಾರದಪುಡಿ ಅರ್ಧಕ್ಕಿಳಿಸಿ, ಕಾಳುಮೆಣಸು, ಒಣಕೊಬ್ಬರಿ ಹೆಚ್ಚಿಸಿ. ಕೊಲ್ಲಾಪುರದ ತಾಂಬಡಾ ರಸ್ಸಾಕ್ಕೆ (ಕೆಂಪು ಖಾರದ ಸಾರು) ಮಾತ್ರ ಒಣ ಕೆಂಪು ವೈನ್ ಬೇಡ. ಪಾಂಢರಾ ರಸ್ಸಾಕ್ಕೆ (ಬಿಳಿ ಸಾರು) ಶೆನಿನ್ ಹೊಂದುತ್ತದೆ. ಇನ್ನು ಮಿರ್ಚಿ ಬಜಿ: ಗುಳ್ಳೆಯೇಳುವ ವೈನ್ ಎಣ್ಣೆ ಜಿಡ್ಡನ್ನು ಕಡಿಯುತ್ತದೆ ನಿಜ, ಆದರೆ ಆ ಗುಳ್ಳೆಯೂ ನಾಲಿಗೆಯನ್ನು ಚುಚ್ಚುತ್ತದೆ. ಬಜಿಗೆ ಮಜ್ಜಿಗೆಯೇ ಸರಿ.

ಪ್ರಶ್ನೆ: ನಮ್ಮದು ಎರಡು ಎಕರೆ ಥಾಮ್ಸನ್ (ಬೀಜವಿಲ್ಲದ ದ್ರಾಕ್ಷಿ ತಳಿ) ಪಡ, ಅಂದರೆ ತೋಟ. ಮಣೂಕದ (ಒಣದ್ರಾಕ್ಷಿ) ರೇಟು ಬಿದ್ದಾಗಲೆಲ್ಲ ವೈನ್ ಕಾರ್ಖಾನೆಗೆ ಹಣ್ಣು ಕೊಟ್ಟರೆ ಹೇಗೆ ಅನ್ನಿಸುತ್ತದೆ. ತೆಗೆದುಕೊಳ್ಳುತ್ತಾರೆಯೇ? (ಜತ್ತ)

ಒಳ್ಳೆಯ ವೈನಿಗೆ ಥಾಮ್ಸನ್ ಒದಗುವುದಿಲ್ಲ. ಒಂದು ಥಾಮ್ಸನ್ ಹಣ್ಣನ್ನೂ ಕೆಂಪು ವೈನಿನ ತಳಿಯಾದ ಕ್ಯಾಬರ್ನೆ ಸಾವಿನ್ಯೋದ ಒಂದು ಹಣ್ಣನ್ನೂ ಬೆರಳಲ್ಲಿ ಹಿಸುಕಿ ನೋಡಿ. ಜಿ.ಎ. (ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಔಷಧ) ಕೊಟ್ಟು ಉಬ್ಬಿಸಿದ ಥಾಮ್ಸನ್‌ನಲ್ಲಿ ತಿರುಳೇ ತಿರುಳು, ಬೀಜವಿಲ್ಲ, ಸಿಪ್ಪೆ ತೆಳು. ಕ್ಯಾಬರ್ನೆ ಬಟಾಣಿಕಾಳಿನಷ್ಟು, ಸಿಪ್ಪೆ ದಪ್ಪ, ಒಳಗೆ ಬೀಜ; ಸಿಪ್ಪೆ ಉಜ್ಜಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. ಕೆಂಪು ವೈನಿನ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಆ ಸಿಪ್ಪೆಯಲ್ಲೇ. ಹಣ್ಣು ದೊಡ್ಡದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಕಡಿಮೆ. ಪೇಟೆಯಲ್ಲಿ ರೇಟು ತರುವ ಗುಣವೇ ಇಲ್ಲಿ ದೋಷ.

ಸಕ್ಕರೆಯ ಲೆಕ್ಕವನ್ನೂ ನೋಡಿ. ಹಣ್ಣಿನ ರಸದ ಸಕ್ಕರೆಯನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಒಂದು ಬ್ರಿಕ್ಸ್‌ಗೆ ಸುಮಾರು ಶೇಕಡಾ 0.55 ಆಲ್ಕೋಹಾಲ್ ಸಿಗುತ್ತದೆ. ತಿನ್ನುವ ಹಣ್ಣನ್ನು 18 ಬ್ರಿಕ್ಸ್‌ಗೆ ಕೊಯ್ದರೆ ಬರುವುದು ಶೇಕಡಾ 10ರಷ್ಟು. ವೈನ್ ಹಣ್ಣನ್ನು 22ರಿಂದ 24ರವರೆಗೆ ಬಿಡುತ್ತಾರೆ. ಹಾಗೆಂದು ಬಿಟ್ಟೇ ಕೂತರೂ ತೊಂದರೆ: ಬಿಸಿಲು ಏರಿದಂತೆ ಹಣ್ಣಿನ ಹುಳಿ ಸುಟ್ಟುಹೋಗಿ ವೈನ್ ಚಪ್ಪೆಯಾಗುತ್ತದೆ. ಆದ್ದರಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಒಂದೇ ನಂಬಿದರೆ ಸಾಲದು, ಹುಳಿಯನ್ನೂ ಅಳೆಯಬೇಕು.

ಹೊಸದಾಗಿ ವೈನ್ ತಳಿ ಹಚ್ಚುವ ಮನಸ್ಸಿದ್ದರೆ ಸಸಿ ತರುವ ಮೊದಲೇ ಕಂಪನಿಯೊಂದಿಗೆ ತಳಿ, ಬ್ರಿಕ್ಸ್, ದರ, ಹಣ್ಣು ಒಯ್ಯುವ ಗಡುವು ನಾಲ್ಕನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ನಡೆಯುವುದಿಲ್ಲ, ಏಕೆಂದರೆ ಈ ಹಣ್ಣನ್ನು ಕಂಪನಿ ಬಿಟ್ಟರೆ ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಮಣೂಕವೂ ಆಗುವುದಿಲ್ಲ, ಬೀಜವಿದೆ. ಥಾಮ್ಸನ್ ಎಕರೆಗೆ 10-12 ಟನ್ ಕೊಟ್ಟರೆ, ಒಳ್ಳೆಯ ವೈನಿಗೆ 3-4 ಟನ್‌ಗೇ ಗೊಂಚಲು ತೆಗೆದು ನಿಲ್ಲಿಸುತ್ತಾರೆ. ಕಿಲೋ ದರವನ್ನು ಎಕರೆಯ ಲೆಕ್ಕಕ್ಕೆ ಹಾಕಿ ನೋಡಿ. ಎರಡು ಚಾಟ್ನಿ (ಬಳ್ಳಿ ಸವರುವುದು) ಇಲ್ಲೂ ತಪ್ಪುವುದಿಲ್ಲ, ದಾವಣಿ, ಬೂದಿ ರೋಗದ ಕಾಟವೂ ಅಷ್ಟೇ. ಜಿ.ಎ. ಖರ್ಚು ಮತ್ತು ಗೊಂಚಲಿನ ಕಾಳು ಬಿಡಿಸುವ ಕೂಲಿ ಮಾತ್ರ ಉಳಿತಾಯವಾಗುತ್ತದೆ.

ಕೊಯ್ಲು ಬೆಳಕು ಹರಿಯುವ ಮೊದಲೇ ಶುರುವಾಗಬೇಕು. ಕ್ರೇಟಿಗೆ 20 ಕಿಲೋ ಮೀರಬೇಡಿ. ತಳದ ಹಣ್ಣು ಒಡೆದು ಬಿಸಿಲಲ್ಲಿ ರಸ ಸುರಿದರೆ ದಾರಿಯಲ್ಲೇ ಹುಳಿಯೇಳುತ್ತದೆ, ಲೋಡು ಗೇಟಿನಿಂದ ವಾಪಸಾಗುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲೇ ವೈನ್ ಆಗುತ್ತದೆಯಂತೆ, ಎಲ್ಲಿ? (ಮಂಗಳವೇಢೆ)

ಅಕಲೂಜದ ಬಳಿ, ಫ್ರಾತೆಲ್ಲಿ ಎಂಬ ಕಂಪನಿಯಲ್ಲಿ. ಇಟಾಲಿಯನ್‌ನಲ್ಲಿ ಆ ಮಾತಿಗೆ ‘ಸಹೋದರರು’ ಎಂದರ್ಥ. ಮೂರು ಮನೆತನಗಳ ಏಳು ಸಹೋದರರು ಸೇರಿ ಕಟ್ಟಿದ್ದು. ಅವರ ‘ಸೆಟ್ಟೆ’ ಎಂಬ ಕೆಂಪು ವೈನಿನ ಹೆಸರಿಗೂ ‘ಏಳು’ ಎಂದೇ ಅರ್ಥ. ಅದು ಸಾಂಜೊವೇಸೆ ಮತ್ತು ಕ್ಯಾಬರ್ನೆ ಸಾವಿನ್ಯೋ ಬೆರಕೆ. ಸಾಂಜೊವೇಸೆ ಇಟಲಿಯ ಟಸ್ಕನಿಯ ತಳಿ, ಹುಳಿ ಚೆನ್ನಾಗಿರುತ್ತದೆ. ಟೊಮೆಟೊ ಹಾಕಿದ ಮಟನ್ ಸಾರಿಗೆ ಅದಕ್ಕೇ ಒಗ್ಗುತ್ತದೆ. ಪಕ್ಕದ ಸಾಂಗಲಿ ಜಿಲ್ಲೆಯ ಪಲೂಸದಲ್ಲಿ ವೈನ್ ಕಾರ್ಖಾನೆಗಳಿಗೆಂದೇ ಮಾಡಿದ ಕೃಷ್ಣಾ ವೈನ್ ಪಾರ್ಕ್ ಇದೆ.

ಪ್ರಶ್ನೆ: ಬಿಳಿ ವೈನ್ ಬಾಟಲಿಯ ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡಿತು. ಗಾಜಿನ ಚೂರೇ? (ಸೊಲ್ಲಾಪುರ)

ಒಂದು ಹರಳನ್ನು ಬಿಸಿನೀರಿಗೆ ಹಾಕಿ ಕಲಕಿ. ಕರಗಿದರೆ ಅದು ದ್ರಾಕ್ಷಿಯದೇ ಹುಳಿ ಲವಣ, ಫ್ರಿಜ್ಜಿನ ತಂಪಿಗೆ ಹರಳುಗಟ್ಟಿದ್ದು, ಅಪಾಯವಿಲ್ಲ. ಬಾಟಲಿಯನ್ನು ಒಂದೆರಡು ತಾಸು ನೇರ ನಿಲ್ಲಿಸಿ, ತಳ ಕಲಕದಂತೆ ಮೆಲ್ಲಗೆ ಬಗ್ಗಿಸಿಕೊಳ್ಳಿ. ಕರಗದಿದ್ದರೆ ಕುಡಿಯಬೇಡಿ.

ಪ್ರಶ್ನೆ: ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅನ್ನುತ್ತಾರೆ. ತೆರೆದ ಬಾಟಲಿ ಎಷ್ಟು ದಿನ ತಡೆಯುತ್ತದೆ? (ಸೊಲ್ಲಾಪುರ)

ಆ ಮಾತು ಯುರೋಪಿನ ತಣ್ಣನೆಯ ಕೋಣೆಗೆ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೇ 35 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಘಾಟು ಬಿಟ್ಟು ಬೇರೇನೂ ಮೂಗಿಗೆ ಬರುವುದಿಲ್ಲ. ಕೆಂಪು ವೈನ್ 16ರಿಂದ 18 ಡಿಗ್ರಿ ಇರಲಿ. ಅದಕ್ಕೆ ಬಡಿಸುವ ಮುನ್ನ ಸುಮಾರು ಎರಡು ತಾಸು ಫ್ರಿಜ್ಜಿನಲ್ಲಿಡಿ. ಬಿಳಿಯದನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಬಗ್ಗಿಸಿ. ಒಲೆಯ ಮೇಲಿನ ಶೆಲ್ಫ್, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಎರಡೂ ಬಾಟಲಿಗೆ ಶತ್ರು. ಕಾರ್ಕ್ ಮೇಲಕ್ಕೆ ಉಬ್ಬಿ ಬಂದಿದ್ದರೆ ಒಳಗಿನ ವೈನ್ ಬಿಸಿ ತಿಂದಿದೆ ಎಂದೇ ಶಂಕಿಸಿ.

ತೆರೆದ ಮೇಲೆ ಕೆಂಪೋ ಬಿಳಿಯೋ, ಫ್ರಿಜ್ಜಿನಲ್ಲೇ ಇರಲಿ: ಮೂರ್ನಾಲ್ಕು ದಿನ ತಡೆಯುತ್ತದೆ. ಗುಳ್ಳೆಯ ವೈನ್ ಮರುದಿನಕ್ಕೇ ಸಪ್ಪೆ. ಅರ್ಧ ಉಳಿದರೆ ತೊಳೆದು ಒಣಗಿಸಿದ ಸಣ್ಣ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಿ; ಒಳಗೆ ಗಾಳಿ ಕಡಿಮೆಯಾದಷ್ಟೂ ಬಾಳಿಕೆ ಹೆಚ್ಚು. ಐದನೇ ದಿನ ವಿನೆಗರ್ ವಾಸನೆ ಬಂದರೆ ಚೆಲ್ಲಬೇಡಿ, ಕಿಲೋ ಮಟನ್ನಿಗೆ ಅರ್ಧ ಕಪ್ಪಿನಂತೆ ಹಾಕಿ ಎರಡು ತಾಸು ನೆನೆಸಿಡಿ. ಸ್ಟೀಲ್ ಇಲ್ಲವೆ ಗಾಜಿನ ಪಾತ್ರೆಯಲ್ಲಿ. ಅಲ್ಯುಮಿನಿಯಂ ಬೋಗುಣಿಯಲ್ಲಿ ನೆನೆಸಿದರೆ ಲೋಹದ ರುಚಿ ಹತ್ತುತ್ತದೆ.