ಮಂಡಿಯ ಗಾಯ ಮತ್ತು ಅಂಗವೈಕಲ್ಯ ಪಿಂಚಣಿ: ಮೇಲ್ಮನವಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವನು. ಭೂಸೇನೆಯಲ್ಲಿ ಹದಿನೇಳು ವರ್ಷ ಸೇವೆ ಸಲ್ಲಿಸಿ 2023ರ ಜೂನ್‌ನಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಗಸ್ತಿನಲ್ಲಿದ್ದಾಗ ಜಾರಿ ಬಿದ್ದು ಬಲಮಂಡಿಗೆ ಪೆಟ್ಟಾಗಿ ಸೇನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ನಿವೃತ್ತಿಯ ವೇಳೆ ವೈದ್ಯಕೀಯ ಮಂಡಳಿಯು ವೈಕಲ್ಯವನ್ನು 30% ಎಂದು ನಿಗದಿಪಡಿಸಿದರೂ, ಅದು ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಷರಾ ಬರೆಯಿತು. ನಿರಾಕರಣೆಯ ಪತ್ರ ಬಹಳ ತಡವಾಗಿ ಕೈಸೇರಿ ಈಗ ನಾಲ್ಕು ತಿಂಗಳಾಗಿವೆ. ಹುಬ್ಬಳ್ಳಿಯ ಮೂಳೆ ವೈದ್ಯರೊಬ್ಬರು 45% ಎಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಅದರ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದೇ?

ಉತ್ತರ: ಖಂಡಿತ ಸಲ್ಲಿಸಿ, ಆದರೆ ಆ 45%ನ್ನು ನೆಚ್ಚಿಕೊಳ್ಳಬೇಡಿ. ಅಂಗವೈಕಲ್ಯದ ಪಿಂಚಣಿಗೆ ಕನಿಷ್ಠ 20% ವೈಕಲ್ಯವಿರಬೇಕು, ಅದು ನಿಮಗೆ ಈಗಾಗಲೇ ಇದೆ. 20ರಿಂದ 49ರವರೆಗಿನ ಯಾವ ಅಂಕಿಯನ್ನಾದರೂ ಪಿಂಚಣಿಯ ಲೆಕ್ಕಕ್ಕೆ 50% ಎಂದೇ ಪರಿಗಣಿಸುವ ಪದ್ಧತಿಯಿದ್ದು, ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ 30% ಸಿಗುವುದರಿಂದ ನಿಮ್ಮ ಪಾಲು 15% ಆಗುತ್ತದೆ. 30 ಎಂದಿದ್ದರೂ 45 ಎಂದಿದ್ದರೂ ಮೊತ್ತ ಅಷ್ಟೇ. ನಿಮ್ಮ ಹಕ್ಕನ್ನು ತಡೆದಿರುವುದು ಪ್ರಮಾಣವಲ್ಲ, ಕಾರಣದ ಬಗೆಗಿನ ಆ ಒಂದು ಷರಾ.

ಆದ್ದರಿಂದ ಗಾಯವಾದಾಗ ನೀವು ಕರ್ತವ್ಯದಲ್ಲಿದ್ದಿರಿ ಎಂಬುದನ್ನು ದಾಖಲೆಯಿಂದ ತೋರಿಸುವುದೇ ನಿಮ್ಮ ಮೇಲ್ಮನವಿಯ ಜೀವಾಳವಾಗಬೇಕು. ಘಟಕದ ಗಾಯದ ವರದಿ, ಕೋರ್ಟ್ ಆಫ್ ಎನ್‌ಕ್ವಾಯರಿ (ಸೇನೆಯ ಆಂತರಿಕ ವಿಚಾರಣೆ) ನಡೆದಿದ್ದರೆ ಅದರ ನಿರ್ಣಯ, ಆಸ್ಪತ್ರೆಯ ದಾಖಲಾತಿ ಹಾಳೆಗಳು, ವೈದ್ಯಕೀಯ ಮಂಡಳಿಯ ಪೂರ್ಣ ನಡಾವಳಿ, ಇವುಗಳಲ್ಲಿ ನಿಮ್ಮ ಬಳಿ ಇಲ್ಲದ್ದನ್ನು ಮಾಹಿತಿ ಹಕ್ಕಿನಡಿ ಇಂದೇ ಕೇಳಿರಿ. ಸೇವೆಗೆ ಸೇರುವಾಗ ದೋಷವನ್ನು ದಾಖಲಿಸದಿದ್ದರೆ ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಮಂಡಳಿಯು ತನ್ನ ಅಭಿಪ್ರಾಯಕ್ಕೆ ಕಾರಣ ಬರೆಯಬೇಕು ಎಂದು 2013ರ ಧರ್ಮವೀರ್ ಸಿಂಗ್ ತೀರ್ಪು ಹೇಳುತ್ತದೆ. ಅದು ಕಾಯಿಲೆಗೆ ಸಂಬಂಧಿಸಿದ ಪ್ರಕರಣವಾದರೂ, ಕಾರಣವಿಲ್ಲದ ಷರಾವನ್ನು ಪ್ರಶ್ನಿಸಲು ನೀವೂ ಅದನ್ನು ಉಲ್ಲೇಖಿಸಬಹುದು. ಗಸ್ತಿನಲ್ಲಿ ಬಿದ್ದವನಿಗೆ ಒಂದು ಸಾಲಿನ ವಿವರಣೆಯನ್ನೂ ಕೊಡದೆ ಕಳುಹಿಸುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಂಗವೈಕಲ್ಯ ಪಿಂಚಣಿಯ ಹೊಸ ನಿಯಮಗಳು ಅದಕ್ಕೂ ಮುಂಚೆ ನಿವೃತ್ತರಾದ ನಿಮಗೆ ಅನ್ವಯಿಸುವುದಿಲ್ಲ. ಹಳೆಯ ನಿಯಮಗಳನ್ನೇ ಆಧರಿಸಿ ಬರೆಯಿರಿ.

ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವಿದ್ದು, ನಿಮಗೆ ಎರಡೇ ತಿಂಗಳು ಉಳಿದಿವೆ. ಅದನ್ನು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಕಳುಹಿಸಬೇಕು: ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿಗೆ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಾದರೆ ಬೆಂಗಳೂರಿಗೆ. ಅಲ್ಲಿ ಸೋತರೆ ಎರಡನೆಯ ಮೇಲ್ಮನವಿಯಿದೆ. ಆನಂತರ 2007ರ ಕಾಯ್ದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರಡು ಬರೆಯಲು ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಸಹಾಯ ಕೇಳಿರಿ. ಮಾಹಿತಿ ಹಕ್ಕಿನ ಉತ್ತರ ಬರಲಿ ಎಂದು ಕಾದು ಗಡುವು ಮೀರಿಸಬೇಡಿ. ಇರುವ ಕಾಗದಗಳೊಂದಿಗೆ ಮೇಲ್ಮನವಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿರಿ, ಉಳಿದ ದಾಖಲೆಗಳನ್ನು ಪೂರಕವಾಗಿ ನಂತರ ಸಲ್ಲಿಸಬಹುದು.