ತುಳುವನ್ನೂ ಬಿಡಬೇಡಿ, ಶಾಲೆಯನ್ನೂ ಬಿಡಬೇಡಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ. ಮನೆಮಾತು ತುಳು. ಮಗನಿಗೆ ಎಂಟು ವರ್ಷ, ಕನ್ನಡ ಮಾಧ್ಯಮದಲ್ಲಿ ಮೂರನೇ ತರಗತಿ. ಐದನೇ ವರ್ಷದಲ್ಲಿ ಮಂಗಳೂರಿನ ವೈದ್ಯರು ಆಟಿಸಂ ಎಂದರು. ಅಜ್ಜಿಯೊಂದಿಗೆ ತುಳುವಿನಲ್ಲಿ ಸಣ್ಣ ಸಣ್ಣ ವಾಕ್ಯ ಆಡುತ್ತಾನೆ, ಶಾಲೆಯಲ್ಲಿ ಮಾತಿಲ್ಲ. ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಬಸ್ ಕಂಡಕ್ಟರನಂತೆ ‘ಕುಂಬಳೆ, ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ’ ಎಂದು ಕೂಗುತ್ತಾನೆ. ಬಸ್ಸಿನ ಬೋರ್ಡು ನೋಡಿಯೇ ಮಲಯಾಳಂ ಅಕ್ಷರ ಕಲಿತಿದ್ದಾನೆ. ಟೀಚರ್ ಅವನನ್ನು ಹೆಚ್ಚಿನ ಹೊತ್ತು ವರಾಂಡದಲ್ಲಿ ಕೂರಿಸುತ್ತಾರೆ, ‘ಬಡ್ಸ್ ವಿಶೇಷ ಶಾಲೆಗೆ ಸೇರಿಸಿ’ ಎನ್ನುತ್ತಾರೆ. ಮನೆಗೆ ಬಂದೊಡನೆ ಚೀಲ ಎಸೆದು ಅಳುತ್ತಾನೆ. ಥೆರಪಿಯವರು ತುಳು ನಿಲ್ಲಿಸಿ, ಒಂದೇ ಭಾಷೆ ಸಾಕು ಎಂದರು. ಗಲ್ಫಿನಲ್ಲಿರುವ ಪತಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಸರಿಯಾಗುತ್ತಾನೆ ಎನ್ನುತ್ತಾರೆ. ಅತ್ತೆ ದೈವಕ್ಕೆ ಹರಕೆ ಹೇಳಿಕೊಂಡಿದ್ದಾರೆ. ನಾನು ಬೆಳೆದದ್ದು ಗೇರು ತೋಟದ ಪಕ್ಕದಲ್ಲಿ. ಅಲ್ಲಿ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ನನ್ನಿಂದ ಅವನಿಗೆ ಬಂತೇ ಎಂದು ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಅಜ್ಜಿಯ ತುಳುವನ್ನು ನಿಲ್ಲಿಸಬೇಡಿ. ನಿಮ್ಮ ಮಗ ತಾನಾಗಿ ವಾಕ್ಯ ಕಟ್ಟಿ ಮಾತನಾಡುವುದು ಸದ್ಯಕ್ಕೆ ಅಲ್ಲಿ ಮಾತ್ರ. ಇರುವ ಒಂದು ಬಾಗಿಲಿಗೂ ಬೀಗ ಹಾಕಿ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ನೀವು ಒಪ್ಪಬೇಕಾಗಿಲ್ಲ.

ಭಾಷೆ ಹೆಚ್ಚಾದರೆ ಮಗುವಿಗೆ ಗೊಂದಲ ಎಂಬ ನಂಬಿಕೆ ಹಳೆಯದು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಆಟಿಸಂ ಇರುವ ಮಕ್ಕಳನ್ನೂ ಒಂದೇ ಭಾಷೆಯ ಮನೆಗಳ ಅಂಥ ಮಕ್ಕಳನ್ನೂ ಹೋಲಿಸಿದ ಅಧ್ಯಯನಗಳು ನಡೆದಿವೆ. ಎರಡನೇ ಭಾಷೆಯಿಂದಾಗಿ ಮಾತು ಇನ್ನಷ್ಟು ತಡವಾಗುತ್ತದೆ ಎಂದು ಅವು ತೋರಿಸಿಲ್ಲ. ಅದೂ ಅಲ್ಲದೆ, ಸಪ್ತಭಾಷೆಗಳ ನಾಡು ಎಂದು ಪ್ರತಿ ವೇದಿಕೆಯಲ್ಲೂ ಹೆಮ್ಮೆಪಡುವ ಕಾಸರಗೋಡಿನಲ್ಲಿ ಒಂದು ಮಗುವಿನ ಕಿವಿಗೆ ಒಂದೇ ಭಾಷೆ ಬೀಳುವಂತೆ ಮಾಡುವುದು ಹೇಗೆ? ಅಂಗಡಿಗೆ ಕರೆದುಕೊಂಡು ಹೋಗದೆಯೇ? ನೆಂಟರ ಮದುವೆಯ ದಿನ ಬೀಗ ಹಾಕಿದ ಮನೆಯಲ್ಲಿ ಕೂರಿಸಿಯೇ? ನಿಮಗೆ ಸಲೀಸಾಗಿ ನಗಲು, ಗದರಲು, ಮುದ್ದು ಮಾಡಲು ಬರುವ ಭಾಷೆಯಲ್ಲಿ ಅವನೊಡನೆ ಮಾತನಾಡಿ. ತಡವರಿಸಿಕೊಂಡು ಆಡುವ ಇಂಗ್ಲಿಷಿನಲ್ಲಿ ನೀವು ಅವನಿಗೆ ಕೊಡಬಲ್ಲದ್ದು ಐದಾರು ಅಪ್ಪಣೆಗಳು ಮಾತ್ರ.

ಥೆರಪಿಯವರ ಮಾತಿನಲ್ಲಿ ಉಳಿಸಿಕೊಳ್ಳಬಹುದಾದ ಅಂಶವೊಂದಿದೆ. ಹೊಸದೇನನ್ನಾದರೂ ಕಲಿಸುವಾಗ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಬೇಡಿ. ಮಾತು ಚಿಕ್ಕದಾಗಿರಲಿ, ಹೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಈ ಕಾಯುವುದನ್ನು ನಾವು ದೊಡ್ಡವರು ಸರಿಯಾಗಿ ಮಾಡುವುದೇ ಇಲ್ಲ. ಮಗು ಯೋಚಿಸುತ್ತಿರುವಾಗಲೇ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿ ಅದರ ಯೋಚನೆಯನ್ನು ಕತ್ತರಿಸುತ್ತೇವೆ. ಇನ್ನೊಂದು ಎಚ್ಚರ: ಅವನ ಬುದ್ಧಿಮಟ್ಟದ ಪರೀಕ್ಷೆಯಾಗಲಿ ಮಾತಿನ ಪರೀಕ್ಷೆಯಾಗಲಿ ಮಲಯಾಳಂನಲ್ಲಿ ನಡೆದಿದ್ದರೆ ಆ ಅಂಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬೋರ್ಡು ಓದುವುದೇ ಬೇರೆ, ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರ ಹೇಳುವುದೇ ಬೇರೆ. ಸಾಧ್ಯವಾದರೆ ಒಮ್ಮೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಅಲ್ಲಿ ಕನ್ನಡದಲ್ಲಿ ಪರೀಕ್ಷೆ ನಡೆಯುತ್ತದೆ. ಮನೆಮಾತು ತುಳು ಎಂದು ಮೊದಲೇ ಹೇಳಿ, ಅಜ್ಜಿಯೊಂದಿಗೆ ಮಾತನಾಡುವ ಒಂದು ವಿಡಿಯೊವನ್ನೂ ತೋರಿಸಿ.

ಈಗ ಆ ಬಸ್ಸಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಅವನ ಪಟ್ಟಿ ಪ್ರತಿ ಸಲವೂ ನೀವು ಇಳಿಯುವ ಊರಿನಲ್ಲಿ ಮುಗಿಯುತ್ತದೆ! ಕೇಳಿದ ಮಾತನ್ನೇ ಮರಳಿ ಮರಳಿ ಹೇಳುವುದಕ್ಕೆ ತಜ್ಞರು ಎಕೋಲೇಲಿಯಾ ಎನ್ನುತ್ತಾರೆ. ಅದನ್ನು ಅರ್ಥವಿಲ್ಲದ ಗಿಣಿಪಾಠವೆಂದು ತಳ್ಳಿಹಾಕುವ ಕಾಲ ಹೋಯಿತು. ಅನೇಕ ಮಕ್ಕಳು ಅದರಿಂದ ತಮ್ಮನ್ನು ಸಮಾಧಾನಪಡಿಸಿಕೊಳ್ಳುತ್ತಾರೆ, ಕೆಲವರು ಅದರಲ್ಲೇ ಬೇಡಿಕೆಯನ್ನೂ ಇಡುತ್ತಾರೆ. ಬೆಲ್ಲಿನ ಸದ್ದು ಸಹಿಸಲಾರದೆ ‘ನನ್ನನ್ನು ಮನೆಗೆ ಕಳುಹಿಸಿ’ ಎಂದು ಅವನು ಹೇಳುತ್ತಿರಬಹುದು. ಇದು ನನ್ನ ಊಹೆ. ಯಾವ ಹೊತ್ತಿನಲ್ಲಿ ಕೂಗುತ್ತಾನೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಕೆಲವು ದಿನ ಬರೆದಿಟ್ಟುಕೊಳ್ಳಿ, ನಿಮಗೇ ತಿಳಿಯುತ್ತದೆ.

ಹಾಗೆ ಬರೆದದ್ದನ್ನು ಟೀಚರಿಗೆ ತಲುಪಿಸಬೇಕು. ಮೂವತ್ತು ಮಕ್ಕಳ ನಡುವೆ ನಿಂತು ಪಾಠ ಮಾಡುವವರಿಗೆ ಆಟಿಸಂ ಬಗ್ಗೆ ಭಾಷಣ ಬೇಡ, ಒಂದು ಪುಟದ ಕಾಗದ ಬೇಕು. ಕನ್ನಡದಲ್ಲಿ, ನಿಮ್ಮದೇ ಕೈಬರಹದಲ್ಲಿ ಹೀಗೆ ಬರೆಯಬಹುದು: ‘ಬೆಲ್ಲಿನ ಸದ್ದು ಇವನಿಗೆ ನೋವು ಕೊಡುತ್ತದೆ. ಹೊಡೆಯುವ ಮೊದಲು ಸನ್ನೆ ಮಾಡಿದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಮುಖ ನೋಡದಿದ್ದರೂ ಕೇಳಿಸಿಕೊಳ್ಳುತ್ತಿರುತ್ತಾನೆ. ಬಾಯಿಯಲ್ಲಿ ಹೇಳದ ಉತ್ತರವನ್ನು ಸ್ಲೇಟಿನಲ್ಲಿ ಬರೆದು ತೋರಿಸಬಹುದು. ಊರುಗಳ ಹೆಸರು ಕೂಗಲು ತೊಡಗಿದರೆ ಸ್ವಲ್ಪ ಹೊತ್ತು ಹೊರಗೆ ಕೂತು ಬರಲು ಬಿಡಿ, ಆಮೇಲೆ ಒಳಗೆ ಕರೆಯಿರಿ.’ ಕೊನೆಯ ಮಾತನ್ನು ಒತ್ತಿ ಬರೆಯಿರಿ. ಸುಧಾರಿಸಿಕೊಳ್ಳಲು ಹೊರಗೆ ಬರುವುದು ಅವನಿಗೆ ಬೇಕಾದ ನೆರವು. ದಿನವಿಡೀ ವರಾಂಡದಲ್ಲಿ ಕೂರಿಸುವುದು ಶಿಕ್ಷೆ. ಪ್ರತಿ ಜೂನ್‌ನಲ್ಲಿ ಹೊಸ ಟೀಚರಿಗೆ ಹೊಸ ಕಾಗದ ಕೊಡಿ, ಬೇಸರಪಡಬೇಡಿ.

ಬಡ್ಸ್ ಶಾಲೆಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರವಿನಿಂದ ಸ್ಥಳೀಯಾಡಳಿತಗಳು ನಡೆಸುವ ಈ ಶಾಲೆಗಳು ಎಷ್ಟೋ ಕುಟುಂಬಗಳಿಗೆ ಆಸರೆಯಾಗಿವೆ. ಆದರೆ ಅವು ಮುಖ್ಯವಾಗಿ ಬೌದ್ಧಿಕ ಸವಾಲು ಇರುವ ಮಕ್ಕಳಿಗಾಗಿ ಇರುವಂಥವು. ಯಾರೂ ಕಲಿಸದೆ ಒಂದು ಲಿಪಿಯನ್ನೇ ಕಲಿತ ಹುಡುಗನನ್ನು ಸರಿಯಾದ ಪರೀಕ್ಷೆಯೂ ಇಲ್ಲದೆ ಅಲ್ಲಿಗೆ ಸಾಗಿಹಾಕುವುದು ಅನ್ಯಾಯ. ಕಾನೂನು ಕೂಡ ನಿಮ್ಮ ಪರವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಬೇಕಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯ ದೃಢಪಟ್ಟ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಯಾವುದೆಂದು ಆರಿಸುವುದು ಮಗುವಿನ ಕಡೆಯವರು, ಶಾಲೆಯಲ್ಲ. ಕಾಯ್ದೆಯನ್ನು ಮೊದಲ ದಿನವೇ ಮೇಜಿನ ಮೇಲೆ ಬಡಿಯಬೇಡಿ, ಅದೇ ಟೀಚರ್ ಜೊತೆ ಇಡೀ ವರ್ಷ ಕಳೆಯಬೇಕಲ್ಲ. ಕಾಗದ ಕೊಟ್ಟು ಮಾತನಾಡಿದ ಮೇಲೂ ವರಾಂಡವೇ ಗತಿಯಾದರೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಿ.

ಆ ಅರ್ಜಿಯಲ್ಲೇ, ಸರಕಾರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದ ಅಡಿಯಲ್ಲಿ ನಿಮ್ಮ ಉಪಜಿಲ್ಲೆಯ ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರನ್ನು ಶಾಲೆಗೆ ಕಳುಹಿಸುವಂತೆ ಕೇಳಿ. ‘ಕನ್ನಡ ಬಲ್ಲವರು’ ಎಂದು ಸೇರಿಸಲು ಮರೆಯಬೇಡಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಶಿಕ್ಷಕರನ್ನು ಕೊಟ್ಟದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಪ್ರತಿಭಟನೆ ನಡೆದಿದೆ ಎಂಬುದು ನಿಮಗೆ ಗೊತ್ತು. ಉಳಿದ ಮಕ್ಕಳು ಹೇಗೋ ಸುಧಾರಿಸಿಕೊಂಡಾರು, ನಿಮ್ಮ ಮಗನಿಗೆ ಅದು ಇನ್ನೂ ಕಷ್ಟ.

ಇಂಗ್ಲಿಷ್ ಮಾಧ್ಯಮ? ಬೇಡ. ಹೊಸ ಕಟ್ಟಡ, ಹೊಸ ಮುಖಗಳು, ಹೊಸ ಭಾಷೆ, ಬೆಲ್ ಮಾತ್ರ ಅದೇ.

ಮನೆಗೆ ಬಂದು ಅಳುವುದನ್ನು ಹಟ ಎಂದುಕೊಳ್ಳಬೇಡಿ. ಶಾಲೆಯಲ್ಲಿ ಹಿಡಿದಿಟ್ಟದ್ದು ಮನೆಯಲ್ಲಿ ಒಡೆಯುತ್ತದೆ. ಬಂದೊಡನೆ ‘ಇವತ್ತು ಏನು ಕಲಿಸಿದರು’ ಎಂಬ ವಿಚಾರಣೆ ಬೇಡ, ಹೋಮ್‌ವರ್ಕ್ ಬೇಡ. ತಿಂಡಿ ಕೊಟ್ಟು ಅರ್ಧ ಗಂಟೆ ಅವನ ಪಾಡಿಗೆ ಬಿಡಿ. ಅವನ ದಿನಚರಿಯನ್ನು ಗೋಡೆಯ ಮೇಲೆ ಒಂದು ಬಸ್ ರೂಟ್ ಆಗಿಯೇ ಬರೆಯಿರಿ. ಹಲ್ಲುಜ್ಜುವುದು ಒಂದು ಸ್ಟಾಪ್, ದೋಸೆ ಒಂದು, ಯೂನಿಫಾರ್ಮ್ ಒಂದು, ಶಾಲೆ ದೊಡ್ಡ ಸ್ಟಾಪ್. ಪ್ರತಿಯೊಂದಕ್ಕೂ ಚಿತ್ರವಿರಲಿ. ಮುಗಿದ ಸ್ಟಾಪನ್ನು ಅವನೇ ತೆಗೆದು ಡಬ್ಬಿಗೆ ಹಾಕಲಿ. ಹರತಾಳ ಬಂದರೆ, ಮಳೆಗೆ ಕಲೆಕ್ಟರ್ ರಜೆ ಕೊಟ್ಟರೆ ತೋರಿಸಲು ‘ಇಂದು ದಾರಿ ಬದಲು’ ಎಂಬ ಕೆಂಪು ಚೀಟಿಯೊಂದು ಸಿದ್ಧವಿರಲಿ. ಇಂಥ ಮಕ್ಕಳನ್ನು ಹೆಚ್ಚು ಕಂಗೆಡಿಸುವುದು ಮುನ್ಸೂಚನೆಯಿಲ್ಲದ ಬದಲಾವಣೆ, ನಮ್ಮ ಜೂನ್ ಜುಲೈಯಲ್ಲಿ ಅದಕ್ಕೆ ಬರವಿಲ್ಲ.

ಪತಿಯೊಂದಿಗೆ ವಾದಕ್ಕಿಳಿಯಬೇಡಿ, ಒಂದು ಕೆಲಸ ಹಚ್ಚಿ. ವಿಡಿಯೊ ಕಾಲ್‌ನಲ್ಲಿ ಮಗ ಮುಖ ನೋಡುವುದಿಲ್ಲವೆಂದು ಅವರಿಗೆ ನೋವಾಗುತ್ತಿರಬಹುದು. ತಮ್ಮ ಮುಖದ ಬದಲು ಅಲ್ಲಿನ ಬಸ್ಸುಗಳನ್ನು, ಅವುಗಳ ಬೋರ್ಡುಗಳನ್ನು ತೋರಿಸಲಿ, ನಿಗದಿತ ಹೊತ್ತಿಗೆ. ಅತ್ತೆಯ ಹರಕೆ ನಡೆಯಲಿ. ಥೆರಪಿ ತಪ್ಪದಿದ್ದರೆ ಸಾಕು. ಆದರೆ ಯಾರಾದರೂ ಆಟಿಸಂ ವಾಸಿ ಮಾಡುತ್ತೇವೆ ಎಂದು ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಸಾಬೀತಾದ ಚಿಕಿತ್ಸೆಯಲ್ಲ.

ಎಂಡೋಸಲ್ಫಾನ್ ಬಗ್ಗೆ: ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ವಿಷಕ್ಕೆ ಈ ಜಿಲ್ಲೆ ತೆತ್ತ ಬೆಲೆ ದೊಡ್ಡದು, ನಿಮ್ಮ ಭಯ ಸಹಜ. ಆದರೂ ಒಂದು ಮಗುವಿನ ಆಟಿಸಂಗೆ ಇದೇ ಕಾರಣ ಎಂದು ಯಾವ ವೈದ್ಯರೂ ಬೆರಳಿಟ್ಟು ತೋರಿಸಲಾರರು. ಅದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದಿದೆ. ನೀವು ಮಾಡಿದ್ದರಿಂದ, ತಿಂದದ್ದರಿಂದ, ಬೆಳೆದ ಊರಿನಿಂದ ಬಂತೆಂಬ ಲೆಕ್ಕಾಚಾರ ಬಿಡಿ. ವಿಷ ಸುರಿದವರು ನೀವಲ್ಲ.

ಇನ್ನು ಕಾಗದಪತ್ರ. ಮಂಗಳೂರಿನ ವರದಿ ಕೈಯಲ್ಲಿದ್ದರೂ ಜಿಲ್ಲೆಯ ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ, ಅದು ದೇಶದಾದ್ಯಂತ ನಡೆಯುತ್ತದೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಲು ಅದು ಬೇಕು. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್ ನೀಡುವ ನಿರಾಮಯ ಆರೋಗ್ಯ ವಿಮೆಗೂ ಅದು ಬೇಕು. ಆ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಮಂಡಳಿಯ ಮುಂದೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅವನು ಮಾತನಾಡುವುದು ಅವರೊಂದಿಗೆ ತಾನೇ?